ಬ್ರಹ್ಮಗಿರಿಯ ಬಂಡೆ ಓದಿದ ಎಂಟನೇ ತರಗತಿ

ಎಂಟನೇ ತರಗತಿಯ ಸಮಾಜ ವಿಜ್ಞಾನದಲ್ಲಿ ಮೌರ್ಯರ ಪಾಠ ಬರುತ್ತದೆ. ಚಂದ್ರಗುಪ್ತ, ಚಾಣಕ್ಯ, ಕಳಿಂಗ ಯುದ್ಧ, ಧಮ್ಮ, ಆಡಳಿತ ಎಂದು ಕೆಲವೇ ಪೀರಿಯಡ್‌ಗಳಲ್ಲಿ ಮುಗಿಸಿ ಮುಂದಕ್ಕೆ ಹೋಗುವುದು ರೂಢಿ. ನಾನು ಪಾಠ ಮಾಡುವುದು ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ಸೀಮೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ. ಬಸ್ಸು ಹತ್ತಿದರೆ ಅಶೋಕ ಸಿದ್ದಾಪುರ, ಅದರ ಪಕ್ಕದಲ್ಲೇ ಬ್ರಹ್ಮಗಿರಿ, ಎದುರಿಗೆ ಜಟಿಂಗ ರಾಮೇಶ್ವರ ಬೆಟ್ಟ. ಮೂರೂ ಕಡೆ ಅಶೋಕನ ಶಾಸನಗಳಿವೆ. ಹೀಗಿದ್ದೂ ನಮ್ಮ ಮಕ್ಕಳ ಪಾಲಿಗೆ ಅಶೋಕ ಎಂದರೆ ಪಾಟಲೀಪುತ್ರದಲ್ಲಿದ್ದವನು, ಪುಸ್ತಕದ ಚಿತ್ರದಲ್ಲಿ ಕಿರೀಟ ಹಾಕಿಕೊಂಡು ಕೂತವನು. ಬ್ರಹ್ಮಗಿರಿಯ ಕಲ್ಲು ನೋಡಿದ್ದೀರಾ ಎಂದು ಕೇಳಿದರೆ ಅರ್ಧ ತರಗತಿ ಕೈ ಎತ್ತುತ್ತಿತ್ತು. ಏನಿದೆ ಅಲ್ಲಿ ಎಂದರೆ, "ಏನೋ ಬರ್ದವ್ರೆ ಮೇಡಂ, ಸುತ್ತ ಕಟ್ಟಡ ಕಟ್ಟವ್ರೆ" ಎಂಬ ಉತ್ತರ.

ಆ "ಏನೋ" ನನ್ನನ್ನು ಬಹಳ ಕಾಡಿತು. ಎರಡು ಸಾವಿರ ವರ್ಷಕ್ಕೂ ಹಿಂದಿನ ಬರಹ ಮನೆಬಾಗಿಲಲ್ಲೇ ಇದ್ದು, ಅದನ್ನು ಓದಲಾಗದ ಮಕ್ಕಳಿಗೆ ಅದರ ಸಾರಾಂಶವನ್ನು ನಾನು ಬೋರ್ಡಿನ ಮೇಲೆ ಬರೆಸುವುದರಲ್ಲಿ ಏನೂ ಸೊಗಸಿರಲಿಲ್ಲ. ಅವರೇ ಓದಬೇಕು, ಪೂರ್ತಿ ಅಲ್ಲದಿದ್ದರೂ ನಾಲ್ಕು ಪದವನ್ನಾದರೂ ತಾವೇ ಹೆಕ್ಕಿ ಓದಬೇಕು ಅನ್ನಿಸಿತು. ಶಾಲೆಯಲ್ಲಿ ಸ್ಮಾರ್ಟ್ ಕ್ಲಾಸಿನ ದೊಡ್ಡ ಟಿವಿ ಇತ್ತು, ಕಂಪ್ಯೂಟರ್ ಕೋಣೆಯಲ್ಲಿ ಓಡುವ ಸ್ಥಿತಿಯ ಕೆಲವು ಯಂತ್ರಗಳಿದ್ದವು, ನನ್ನ ಬಳಿ ಫೋನಿತ್ತು. ಅಷ್ಟರಲ್ಲೇ ಶುರುಮಾಡಿದೆ.

ಮೊದಲು ಬೇಕಾದದ್ದು ಅಕ್ಷರ. ಈ ಶಾಸನಗಳನ್ನು ಕೊರೆದಿರುವ ಬ್ರಾಹ್ಮಿ ಲಿಪಿಗೆ 2010ರಲ್ಲೇ ಯೂನಿಕೋಡ್‌ನಲ್ಲಿ, ಅಂದರೆ ಕಂಪ್ಯೂಟರಿನ ಅಕ್ಷರಗಳ ಜಾಗತಿಕ ಸಂಕೇತಪಟ್ಟಿಯಲ್ಲಿ, ಜಾಗ ಸಿಕ್ಕಿದೆ. ನೋಟೋ ಸಾನ್ಸ್ ಬ್ರಾಹ್ಮಿ ಎಂಬ ಫಾಂಟ್ ಉಚಿತವಾಗಿ ಸಿಗುತ್ತದೆ. ಅಕ್ಷರಮುಖ ಎಂಬ ಜಾಲತಾಣದಲ್ಲಿ ಕನ್ನಡದಲ್ಲಿ ಏನನ್ನಾದರೂ ಟೈಪ್ ಮಾಡಿದರೆ ಬ್ರಾಹ್ಮಿಯಲ್ಲಿ ತೋರಿಸುತ್ತದೆ. ಕರೆಂಟನ್ನೂ ನೆಟ್‌ವರ್ಕನ್ನೂ ನಂಬಿ ನಮ್ಮ ಕಡೆ ಪಾಠ ಮಾಡಲಾಗದು. ಹಾಗಾಗಿ ಬೇಕಾದ್ದನ್ನೆಲ್ಲ ಮನೆಯಲ್ಲೇ ತಯಾರಿಸಿ ಪ್ರಿಂಟ್ ತೆಗೆದುಕೊಂಡು ಹೋಗುತ್ತಿದ್ದೆ.

ಆದರೆ ವರ್ಣಮಾಲೆಯ ಪಟ್ಟಿಯನ್ನು ನಾನು ಮೊದಲೇ ಕೊಡಲಿಲ್ಲ. ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಈ ಲಿಪಿಯನ್ನು ಬಿಡಿಸಿದ ಕಥೆಯೇ ಒಂದು ಸೊಗಸಾದ ಪಾಠ. ಆತ ಕಲ್ಕತ್ತೆಯ ಟಂಕಸಾಲೆಯಲ್ಲಿ ಕೆಲಸಕ್ಕಿದ್ದವನು. ಸಾಂಚಿ ಸ್ತೂಪದ ಕಲ್ಲಿನ ಕಟಾಂಜನದ ಮೇಲಿದ್ದ ಪುಟ್ಟ ಪುಟ್ಟ ಬರಹಗಳ ಪ್ರತಿಗಳು ಅವನ ಕೈಗೆ ಬಂದವು. ಹೆಚ್ಚಿನವು ಅದೇ ಎರಡು ಅಕ್ಷರಗಳಲ್ಲಿ ಮುಗಿಯುತ್ತಿದ್ದವು. ಗುಡಿಗೆ ಏನನ್ನಾದರೂ ಮಾಡಿಸಿಕೊಟ್ಟವರು ಅದರ ಮೇಲೆ ಏನು ಬರೆಸುತ್ತಾರೆ? ಇಂಥವರ ದಾನ ಎಂದು. ಆ ಕೊನೆಯ ಎರಡು ಅಕ್ಷರ "ದಾನಂ" ಇರಬೇಕು ಎಂದು ಅವನು ಊಹಿಸಿದ. ಅಲ್ಲಿಂದ ದ, ನ ಸಿಕ್ಕವು. ಅದಕ್ಕೂ ಹಿಂದೆ ಬರುವ ಅಕ್ಷರ "ಇಂಥವನ" ಎನ್ನುವ ಅರ್ಥ ಕೊಡುವ "ಸ" ಎಂದು ಗೊತ್ತಾಯಿತು. ಉಳಿದ ಬಾಗಿಲುಗಳು ಒಂದೊಂದಾಗಿ ತೆರೆದವು.

ಇದನ್ನೇ ತರಗತಿಯಲ್ಲಿ ಆಡಿಸಿದೆ. ಮಕ್ಕಳ ಹೆಸರುಗಳನ್ನೇ ಆ ಶಾಸನಗಳ ಭಾಷೆಯಾದ ಪ್ರಾಕೃತದ ಧಾಟಿಗೆ ತಂದು, "ಕುಮಾರಸ ದಾನಂ", "ಗೋಪಾಲಸ ದಾನಂ" ಎಂಬಂಥ ಸಾಲುಗಳನ್ನು ಬ್ರಾಹ್ಮಿಯಲ್ಲಿ ಪ್ರಿಂಟ್ ಹಾಕಿ ಗುಂಪಿಗೊಂದು ಹಾಳೆ ಹಂಚಿದೆ. ಇವು ಗುಡಿಗೆ ಕಾಣಿಕೆ ಕೊಟ್ಟವರ ಸಾಲುಗಳು ಎಂಬ ಒಂದೇ ಸುಳಿವು ಕೊಟ್ಟೆ. ನಮ್ಮೂರ ದೇವಸ್ಥಾನಗಳ ಫ್ಯಾನಿನ ರೆಕ್ಕೆ, ಗಂಟೆ, ಟ್ಯೂಬ್‌ಲೈಟ್ ಪಟ್ಟಿಯ ಮೇಲೂ ದಾನಿಗಳ ಹೆಸರು ಬರೆದಿರುತ್ತದಲ್ಲ, ಮಕ್ಕಳಿಗೆ ಅದು ಚೆನ್ನಾಗಿ ಗೊತ್ತು. ಹಿಂದಿನ ಬೆಂಚಿನಿಂದಲೇ "ಕೊನೇದು ಕಾಣಿಕೆ ಅಂತ ಇರ್ಬೇಕು, ಇಲ್ಲಾಂದ್ರೆ ದಾನ" ಎಂಬ ಮಾತು ಬಂತು. ಒಂದು ಹೆಸರು ಗೊತ್ತಾದ ಮೇಲೆ ತರಗತಿಯನ್ನು ಹಿಡಿಯುವುದು ಕಷ್ಟವಾಯಿತು. ಒಬ್ಬರ ಹೆಸರಿನ "ಮ" ಇನ್ನೊಬ್ಬರ ಹೆಸರಿನ ಬೀಗ ತೆಗೆಯುತ್ತಿತ್ತು.

ಪಟ್ಟಿ ಕೊಟ್ಟದ್ದು ಆಮೇಲೆ. ಕ ಎಂದರೆ ಗಣಿತದ ಕೂಡಿಸುವ ಚಿಹ್ನೆ. ಠ ಎಂದರೆ ಬರಿಯ ವೃತ್ತ, ಒಳಗೊಂದು ಚುಕ್ಕೆ ಇಟ್ಟರೆ ಥ. ಬ ಒಂದು ಚೌಕ, ಎ ಒಂದು ತ್ರಿಕೋನ, ಪದದ ಮೊದಲಿಗೆ ಬರುವ ಇ ಮೂರು ಚುಕ್ಕೆ. ಇಷ್ಟು ಸರಳವಾದ ಆಕಾರಗಳು ಮಕ್ಕಳ ಕೈಗೆ ಬೇಗ ಹತ್ತುತ್ತವೆ. "ಒತ್ತಕ್ಷರ ಎಲ್ಲಿ ಮೇಡಂ?" ಎಂದು ಕೇಳಿದ ಹುಡುಗಿಯ ಪ್ರಶ್ನೆ ನನಗೆ ತುಂಬ ಹಿಡಿಸಿತು. ಅಶೋಕನ ಕಾಲದ ಬರಹದಲ್ಲಿ ಒಂದೇ ವ್ಯಂಜನ ಎರಡು ಸಲ ಬಂದರೆ ಒಂದನ್ನೇ ಬರೆಯುತ್ತಿದ್ದರು, ಅದು ಮ ಆದರೆ ಅದರ ಹಿಂದೆ ಅನುಸ್ವಾರದ ಚುಕ್ಕೆ ಇಡುತ್ತಿದ್ದರು. ನಾವು ಧಮ್ಮ ಎನ್ನುವುದು ಕಲ್ಲಿನಲ್ಲಿ "ಧಂಮ" ಎಂದಿರುತ್ತದೆ. ಆವತ್ತು ತರಗತಿಯಲ್ಲಿದ್ದ ಮಲ್ಲಮ್ಮ, ತಿಪ್ಪಮ್ಮಂದಿರೆಲ್ಲ ಮಲಂಮ, ತಿಪಂಮ ಆದರು. ನಮ್ಮಲ್ಲಿ ಮನೆಯಲ್ಲಿ ತೆಲುಗು ಮಾತಾಡುವ ಮಕ್ಕಳು ಬಹಳ. ಕನ್ನಡದ ಮತ್ತು ತೆಲುಗಿನ ಅಕ್ಷರಗಳನ್ನು ಪಕ್ಕಪಕ್ಕ ಇಟ್ಟು, ಎರಡರ ಬೇರೂ ಇದೇ ಲಿಪಿ ಎಂದು ಟಿವಿಯಲ್ಲಿ ಶತಮಾನದಿಂದ ಶತಮಾನಕ್ಕೆ ಅಕ್ಷರ ಗುಂಡಗಾಗುತ್ತ ಬಂದದ್ದನ್ನು ತೋರಿಸಿದಾಗ ಅವರ ಮುಖದಲ್ಲಿ ಬಂದ ಕಳೆಯೇ ಬೇರೆ.

ನಕ್ಷೆಯ ಪಾಠ ಇನ್ನೊಂದು ದಿನ. ಗೂಗಲ್ ಅರ್ಥ್ ತೆರೆದು ಕರ್ನಾಟಕದಲ್ಲಿ ಅಶೋಕನ ಶಾಸನ ಸಿಕ್ಕ ಊರುಗಳಿಗೆ ಒಂದೊಂದು ಗುರುತು ಹಾಕಿಸಿದೆ. ನಮ್ಮ ಮೂರು, ರಾಯಚೂರು ಜಿಲ್ಲೆಯ ಮಸ್ಕಿ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು, ಬಳ್ಳಾರಿ ಕಡೆಯ ನಿಟ್ಟೂರು ಮತ್ತು ಉಡೇಗೊಳ, ಕಲಬುರಗಿ ಜಿಲ್ಲೆಯ ಸನ್ನತಿ. ಪುಸ್ತಕದಲ್ಲಿ ಇವು ಅಲ್ಪವಿರಾಮದಿಂದ ಬೇರ್ಪಟ್ಟ ಹೆಸರುಗಳು ಅಷ್ಟೆ. ನಕ್ಷೆಯಲ್ಲಿ ಹಾಕಿದಾಗ ಇವೆಲ್ಲ ರಾಜ್ಯದ ಪೂರ್ವ ಭಾಗದ ಬಯಲುಸೀಮೆಯಲ್ಲೇ ಇವೆ, ಮಲೆನಾಡಿನಲ್ಲೂ ಕರಾವಳಿಯಲ್ಲೂ ಒಂದೂ ಇಲ್ಲ ಎಂದು ಮಕ್ಕಳೇ ಕಂಡುಕೊಂಡರು. ಯಾಕೆ ಹೀಗೆ ಎಂಬ ಪ್ರಶ್ನೆ ಎದ್ದಾಗ ಒಬ್ಬ ಹಟ್ಟಿ ಚಿನ್ನದ ಗಣಿಗೆ ಬೆರಳು ಇಟ್ಟ. ಅದು ಮಸ್ಕಿಗೆ ಹತ್ತಿರ. ಚಿನ್ನಕ್ಕೂ ಮೌರ್ಯರು ಇಷ್ಟು ದೂರ ಬಂದದ್ದಕ್ಕೂ ನಂಟಿರಬಹುದು ಎಂದು ಇತಿಹಾಸಕಾರರೂ ಹೇಳಿದ್ದಾರೆ. ಅದನ್ನು ನಾನು ಹೇಳುವ ಮೊದಲೇ ಈ ಹುಡುಗ ನಕ್ಷೆ ನೋಡಿ ಹೇಳಿದ್ದ.

ಇಷ್ಟಾದ ಮೇಲೆ ಬಂಡೆಯ ಹತ್ತಿರ ಹೋದೆವು. ಈ ಕ್ರಮ ಮುಖ್ಯ ಎಂದು ನನಗೆ ಅನುಭವದಿಂದ ಅನ್ನಿಸಿದೆ. ಅಕ್ಷರ ಕಲಿಯದೆ ಹೋದರೆ ಅದು ಪ್ರವಾಸ, ಚಪಾತಿ ಬುತ್ತಿ ಬಿಚ್ಚಿ ಫೋಟೋ ತೆಗೆಸಿಕೊಂಡು ಬರುವ ದಿನ. ಅಕ್ಷರ ಹಿಡಿದುಕೊಂಡು ಹೋದರೆ ಮಕ್ಕಳು ಕಲ್ಲನ್ನು ಬಿಟ್ಟು ಏಳುವುದಿಲ್ಲ.

ಬ್ರಹ್ಮಗಿರಿಯ ಶಾಸನವನ್ನು 1892ರಲ್ಲಿ ಬೆಳಕಿಗೆ ತಂದವರು ಬಿ. ಎಲ್. ರೈಸ್. ಬೆಂಗಳೂರಲ್ಲೇ ಹುಟ್ಟಿ, ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ ಸಂಪುಟಗಳನ್ನು ಕಟ್ಟಿದವರು. ಅವರು ಹುಟ್ಟಿದ್ದೂ 1837ರಲ್ಲಿ, ಪ್ರಿನ್ಸೆಪ್ ಬ್ರಾಹ್ಮಿಯನ್ನು ಬಿಡಿಸಿದ ವರ್ಷವೇ. ಈ ಎರಡು ಇಸವಿಗಳನ್ನು ಬೋರ್ಡಿನ ಮೇಲೆ ಜೋಡಿಸಿದ್ದು ಒಬ್ಬ ವಿದ್ಯಾರ್ಥಿನಿ. ಅದೇ ಜಾಗದಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿ, ಕಲ್ಲಿನ ಕೊಡಲಿಯ ಕಾಲದಿಂದ ಬೃಹತ್ ಶಿಲಾಸಮಾಧಿಗಳ ಕಾಲದ ಮೂಲಕ ಶಾತವಾಹನರ ಕಾಲದವರೆಗೆ ಜನವಸತಿಯ ಪದರಗಳನ್ನು ಗುರುತಿಸಿದರು. ಹೋಗುವ ದಾರಿಯಲ್ಲಿ ನಿಂತು ಇದನ್ನು ಹೇಳಿದೆನಾದರೂ ಮಕ್ಕಳ ಕಣ್ಣು ಆಗಲೇ ಶಾಸನದ ಕಟ್ಟಡದ ಕಡೆ ಇತ್ತು.

ಅಲ್ಲಿನ ಸಿಬ್ಬಂದಿಗೆ ಮೊದಲೇ ತಿಳಿಸಿ, ಏನು ಮಾಡುತ್ತೇವೆ ಎಂದು ಹೇಳಿಕೊಂಡಿದ್ದೆ. ಕಲ್ಲಿನ ಮೇಲೆ ಸೀಮೆಸುಣ್ಣ ತೀಡುವುದು, ನೀರು ಹಾಕುವುದು, ಬೆರಳಿಂದ ಗೀರುವುದು ಯಾವುದೂ ಕೂಡದು. ಅದು ಸಂರಕ್ಷಿತ ಸ್ಮಾರಕ. ಸುಣ್ಣ ಬಳಿದರೆ ನಾವು ಯಾವುದನ್ನು ಅಕ್ಷರ ಅಂದುಕೊಳ್ಳುತ್ತೇವೋ ಅದೇ ಬಿಳಿಯಾಗಿ ಉಳಿಯುತ್ತದೆ, ಮುಂದೆ ನೋಡುವವರೂ ಅದನ್ನೇ ಓದುತ್ತಾರೆ. ಅದರ ಬದಲು ಬೆಳಕನ್ನು ಬಳಸಿದೆವು. ಟಾರ್ಚನ್ನು ಕಲ್ಲಿನ ಮಟ್ಟಕ್ಕೆ ಇಳಿಸಿ ಪಕ್ಕದಿಂದ ಅಡ್ಡವಾಗಿ ಬಿಟ್ಟರೆ ಕೊರೆದ ಗೀರುಗಳಲ್ಲಿ ನೆರಳು ನಿಲ್ಲುತ್ತದೆ. ನೇರ ಬೆಳಕಿನಲ್ಲಿ ಮಾಸಿದಂತಿದ್ದ ಸಾಲು ಕಣ್ಣೆದುರೇ ಮೇಲೆದ್ದು ಬರುತ್ತದೆ. ಇಬ್ಬರು ಟಾರ್ಚ್ ಹಿಡಿಯುವವರು, ಇಬ್ಬರು ಓದುವವರು, ಒಬ್ಬರು ನೋಟ್‌ಬುಕ್ಕಿನಲ್ಲಿ ನಕಲು ಮಾಡುವವರು, ಹೀಗೆ ಸರದಿ ಮಾಡಿಕೊಂಡರು.

ಶಾಸನ ಶುರುವಾಗುವುದು ಸುವರ್ಣಗಿರಿಯಿಂದ. ಅಲ್ಲಿನ ಆರ್ಯಪುತ್ರ (ರಾಜಕುಮಾರ) ಮತ್ತು ಮಹಾಮಾತ್ರರು (ಹಿರಿಯ ಅಧಿಕಾರಿಗಳು) ಇಸಿಲದ ಮಹಾಮಾತ್ರರಿಗೆ ಆರೋಗ್ಯ ಕೋರಿ, ಆಮೇಲೆ ದೇವಾನಂಪ್ರಿಯನ, ಅಂದರೆ ದೇವರಿಗೆ ಪ್ರಿಯನಾದ ರಾಜನ, ಆಜ್ಞೆಯನ್ನು ತಿಳಿಸುತ್ತಾರೆ. ಇಸಿಲ ಎಂದರೆ ಈ ಆಸುಪಾಸೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಮಕ್ಕಳು ಮೊದಲು ಹಿಡಿದದ್ದು "ಗಿರಿ". ಆಮೇಲೆ ಮೂರು ಚುಕ್ಕೆಯ ಇ ಹುಡುಕಿ ಹುಡುಕಿ "ಇಸಿಲ" ಸಿಕ್ಕಾಗ ಆ ಕಟ್ಟಡದೊಳಗೆ ಎದ್ದ ಗದ್ದಲವನ್ನು ನಾನು ತಡೆಯಲಿಲ್ಲ. ತಮ್ಮ ಸೀಮೆಯ ಹಳೆಯ ಹೆಸರನ್ನು ತಮ್ಮ ಕಣ್ಣಿನಿಂದಲೇ ಓದಿದ ಮಕ್ಕಳು ಅವರು. ಮುಂದೆ ಶಾಸನದಲ್ಲಿ, ಇಂಥ ಸಾಧನೆ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಸಣ್ಣವರೂ ಪ್ರಯತ್ನಪಟ್ಟರೆ ಸ್ವರ್ಗ ಪಡೆಯಬಹುದು ಎಂಬ ಮಾತು ಬರುತ್ತದೆ. ತಂದೆ ತಾಯಿಗೆ ವಿಧೇಯರಾಗಿರಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯ ಹೇಳಬೇಕು, ಶಿಷ್ಯರು ಆಚಾರ್ಯರನ್ನು ಗೌರವಿಸಬೇಕು ಎನ್ನುತ್ತದೆ. ಇದೆಲ್ಲ ಪುಸ್ತಕದಲ್ಲೂ ಇರುವುದೇ. ಆದರೆ ಬಂಡೆಯ ಮುಂದೆ ಮಂಡಿಯೂರಿ "ಸಚಂ" ಎಂದು ಅಕ್ಷರ ಕೂಡಿಸಿ ಓದಿದವರಿಗೆ ಅದು ಬಾಯಿಪಾಠ ಮಾಡುವ ಅಂಶವಾಗಿ ಉಳಿಯಲಿಲ್ಲ.

ಆಗ ಬಂದ ಪ್ರಶ್ನೆಯೇ ಇಡೀ ಪಾಠದ ತಿರುಳಾಯಿತು. ಒಂದು ಗುಂಪು ಬಹಳ ಹೊತ್ತಿನಿಂದ ಬೇರೇನನ್ನೋ ಹುಡುಕುತ್ತಿತ್ತು. ಕೊನೆಗೆ ಅವರಲ್ಲಿ ಒಬ್ಬ ಬಂದು, "ಮೇಡಂ, ಇದ್ರಾಗೆ ಅಶೋಕ ಅಂತ ಎಲ್ಲೂ ಇಲ್ವಲ್ಲ?" ಎಂದ.

ನಿಜ. ಬ್ರಹ್ಮಗಿರಿಯಲ್ಲಿ ಇರುವುದು ದೇವಾನಂಪಿಯ ಎಂಬ ಬಿರುದು ಮಾತ್ರ. ಹಾಗಾದರೆ ಇದು ಅಶೋಕನ ಶಾಸನ ಎಂದು ಹೇಳಿದವರು ಯಾರು, ಅವರಿಗೆ ಹೇಗೆ ಗೊತ್ತಾಯಿತು? ಹದಿಮೂರು ಹದಿನಾಲ್ಕು ವಯಸ್ಸಿನ ಮಕ್ಕಳು ಪುರಾವೆ ಕೇಳುತ್ತಿದ್ದರು. ಉತ್ತರವನ್ನು ಅಲ್ಲೇ ಹೇಳದೆ ಶಾಲೆಗೆ ಮರಳಿದ ಮೇಲೆ ಟಿವಿಯಲ್ಲಿ ಮಸ್ಕಿ ಶಾಸನದ ಅಚ್ಚಿನ ಚಿತ್ರ ಹಾಕಿದೆ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಕಂಡ ಶಾಸನ ಅದು. ಅದರ ಮೊದಲ ಸಾಲಿನಲ್ಲಿ "ದೇವಾನಂಪಿಯಸ" ಆದ ಕೂಡಲೇ ಏನಿದೆ ಓದಿ ಎಂದೆ. ಅ, ಸೋ, ಕ, ಸ. ಕೂಡಿಸುವ ಚಿಹ್ನೆಯ ಆ ಕ ಎಲ್ಲರಿಗೂ ಒಟ್ಟಿಗೇ ಕಂಡಿತು. ಅದಕ್ಕೂ ಮೊದಲೇ ಸಿಂಹಳದ ಬೌದ್ಧ ಗ್ರಂಥಗಳ ಆಧಾರದಿಂದ ವಿದ್ವಾಂಸರು, ಬೇರೆ ಶಾಸನಗಳಲ್ಲಿ ದೇವಾನಂಪಿಯನ ಜೊತೆಗೆ ಬರುವ ಪ್ರಿಯದರ್ಶಿ ಎಂಬ ಹೆಸರು ಅಶೋಕನದೇ ಎಂದು ನಿರ್ಣಯಿಸಿದ್ದರು. ಅದಕ್ಕೆ ಕಲ್ಲಿನಲ್ಲೇ ಸಾಕ್ಷಿ ಕೊಟ್ಟದ್ದು ಮಸ್ಕಿ. ಆಮೇಲೆ ನಿಟ್ಟೂರು, ಉಡೇಗೊಳಗಳಲ್ಲೂ ಹೆಸರು ಸಿಕ್ಕಿತು. ಸನ್ನತಿಯ ಹತ್ತಿರದ ಕನಗನಹಳ್ಳಿಯ ಸ್ತೂಪದಲ್ಲಿ ರಾಜನ ಶಿಲ್ಪದ ಜೊತೆಗೆ "ರಾಯೋ ಅಸೋಕೋ" ಎಂದೇ ಬರೆದಿದೆ. ಅದನ್ನೂ ತೆರೆಯ ಮೇಲೆ ಓದಿದರು. ಭಾರತದ ಚರಿತ್ರೆಯ ಇಷ್ಟು ದೊಡ್ಡ ಕೊಂಡಿ ನಮ್ಮ ನೆಲದಲ್ಲಿ ಸಿಕ್ಕದ್ದು ಎಂಬುದನ್ನು ನಾನು ಎಷ್ಟೋ ವರ್ಷ ಹೆಮ್ಮೆಯಿಂದ ಹೇಳಿದ್ದೇನೆ. ಆ ಕೊಂಡಿ ಯಾಕೆ ಬೇಕಿತ್ತು ಎಂಬುದು ಮಕ್ಕಳಿಗೆ ಅರ್ಥವಾದದ್ದು, ಹೆಸರಿಲ್ಲದ ಕಲ್ಲಿನ ಮುಂದೆ ಅವರು ಕೂತು ಹುಡುಕಿದ ಮೇಲೆ.

ಬಂಡೆಯ ಮೂರು ಆಯಾಮದ ಮಾದರಿ ಮಾಡಿದ್ದು ಇದರ ಮುಂದುವರಿಕೆ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಆ ನಗರದ ಸುತ್ತಲಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಉಳಿಸುತ್ತಿರುವುದನ್ನು ಓದಿದ್ದೆ. ಅವರ ಬಳಿ ಇರುವಂಥ ಸ್ಕ್ಯಾನರ್ ನಮಗೆಲ್ಲಿ ಬರಬೇಕು? ಆದರೆ ಫೋನಿನ ಫೋಟೋಗಳಿಂದಲೇ ಮಾದರಿ ಕಟ್ಟುವ ದಾರಿ ಇದೆ. ಕಲ್ಲಿನ ಮೇಲ್ಮೈಯನ್ನು ಸಾಲು ಸಾಲಾಗಿ, ಒಂದು ಫೋಟೋದ ಮುಕ್ಕಾಲು ಪಾಲು ಮುಂದಿನ ಫೋಟೋದಲ್ಲೂ ಬರುವ ಹಾಗೆ ತೆಗೆಯುತ್ತ ಹೋಗಬೇಕು. ಫ್ಲ್ಯಾಶ್ ಬೇಡ, ಜೂಮ್ ಬೇಡ, ಮೋಡ ಕವಿದ ದಿನವಾದರೆ ಒಳ್ಳೆಯದು. ಬಿಸಿಲಿನಲ್ಲಿ ಕಟ್ಟಡದ ಸರಳುಗಳ ನೆರಳು ಕಲ್ಲಿನ ಮೇಲೆ ಬಿದ್ದು ಮಾದರಿ ಕೆಡುತ್ತದೆ. ಅಳತೆ ತಿಳಿಯಲು ಅಕ್ಷರಗಳಿಂದ ದೂರ, ಪಕ್ಕದಲ್ಲಿ ಒಂದು ಸ್ಕೇಲ್ ಇಡಬೇಕು. ಮೆಶ್‌ರೂಮ್ ಎಂಬ ಉಚಿತ ತಂತ್ರಾಂಶ ಈ ಫೋಟೋಗಳನ್ನು ಹೊಲಿದು ಕಲ್ಲನ್ನು ಕಂಪ್ಯೂಟರಿನೊಳಗೆ ನಿಲ್ಲಿಸುತ್ತದೆ. ಅದಕ್ಕೆ ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಬೇಕು, ಶಾಲೆಯ ಯಂತ್ರಗಳಿಗೆ ಆಗದ ಕೆಲಸ. ನಮ್ಮ ಶಾಲೆಯಲ್ಲೇ ಓದಿ ಈಗ ಎಂಜಿನಿಯರಿಂಗ್ ಓದುತ್ತಿರುವ ಹುಡುಗ ತನ್ನ ಲ್ಯಾಪ್‌ಟಾಪ್‌ನಲ್ಲಿ ರಾತ್ರಿಯಿಡೀ ಓಡಿಸಿ ಕೊಟ್ಟ.

ನಿಜವಾದ ಪ್ರಯೋಜನ ಕಂಡದ್ದು ಮೆಶ್‌ಲ್ಯಾಬ್ ಎಂಬ, ಇಂಥ ಮಾದರಿಗಳನ್ನು ತೆರೆದು ನೋಡುವ ತಂತ್ರಾಂಶದಲ್ಲಿ ಆ ಮಾದರಿಯ ಬಣ್ಣ ತೆಗೆದಾಗ. ಕಲೆ, ಪಾಚಿ, ಬಣ್ಣದ ಏರಿಳಿತ ಎಲ್ಲ ಹೋಗಿ ಬರಿಯ ಆಕಾರ ಉಳಿಯುತ್ತದೆ. ಮೌಸ್ ಎಳೆದು ಬೆಳಕಿನ ದಿಕ್ಕು ಬದಲಿಸಿದರೆ ಅಕ್ಷರ ಎದ್ದು ಕಾಣುತ್ತದೆ. ಟಾರ್ಚಿನಲ್ಲಿ ಮಾಡಿದ್ದನ್ನೇ ತರಗತಿಯೊಳಗೆ, ಎಷ್ಟು ಹೊತ್ತು ಬೇಕಾದರೂ, ಕಲ್ಲನ್ನು ಮುಟ್ಟದೆ ಮಾಡಬಹುದು. ಕೊನೆಯ ಸಾಲಿಗೆ ನಾವು ಹೆಚ್ಚು ಸಮಯ ಕೊಟ್ಟೆವು. ಅಲ್ಲಿ ಬರೆದವನ ಹೆಸರಿದೆ, ಚಪಡ. "ಚಪಡೇನ ಲಿಖಿತೇ" ತನಕ ಬ್ರಾಹ್ಮಿ. ಆಮೇಲೆ ಬರುವ "ಲಿಪಿಕರೇಣ" ಮಾತ್ರ ಮಕ್ಕಳ ಪಟ್ಟಿಗೆ ಸಿಗಲಿಲ್ಲ. ಯಾಕೆಂದರೆ ಅದು ಖರೋಷ್ಠಿ ಲಿಪಿ, ಬಲದಿಂದ ಎಡಕ್ಕೆ ಓದುವುದು. ಖರೋಷ್ಠಿ ಬಳಕೆಯಲ್ಲಿದ್ದದ್ದು ಗಾಂಧಾರದ ಕಡೆ. ಈಗಿನ ಪಾಕಿಸ್ತಾನದ ಶಾಬಾಜ್‌ಗಢಿ, ಮಾನ್ಸೆಹ್ರಾಗಳಲ್ಲಿ ಅಶೋಕನ ಶಾಸನಗಳು ಇರುವುದೂ ಅದೇ ಲಿಪಿಯಲ್ಲಿ. ಗೂಗಲ್ ಅರ್ಥ್‌ನಲ್ಲಿ ಅಲ್ಲಿಂದ ಬ್ರಹ್ಮಗಿರಿಗೆ ಗೆರೆ ಎಳೆದರೆ 2,000 ಕಿಲೋಮೀಟರಿಗೂ ಹೆಚ್ಚು. ಆ ಚಪಡ ಯಾವ ದಾರಿಯಲ್ಲಿ ಬಂದ, ಗಾಂಧಾರದವನೇ ಇರಬಹುದೇ ಅಥವಾ ಆ ಲಿಪಿಯನ್ನು ಕಲಿತವನೇ, ತನ್ನ ಕಸುಬಿನ ಹೆಸರನ್ನು ಮಾತ್ರ ಬೇರೆ ಲಿಪಿಯಲ್ಲಿ ಯಾಕೆ ಬರೆದ? ಚಕ್ರವರ್ತಿಗಿಂತ ಈ ಲಿಪಿಕಾರನ ಮೇಲೆ ಮಕ್ಕಳಿಗೆ ಅಕ್ಕರೆ ಹುಟ್ಟಿತು. ನನಗೂ ಹಾಗೇ.

ಇದೇ ಹೊತ್ತಿಗೆ ಒಬ್ಬ ಹುಡುಗ ಅಣ್ಣನ ಫೋನಿನಲ್ಲಿದ್ದ ಕೃತಕ ಬುದ್ಧಿಮತ್ತೆಯ ಆ್ಯಪ್‌ಗೆ ಬಂಡೆಯ ಫೋಟೋ ಹಾಕಿ ಅದರ ಅನುವಾದ ಬರೆದುಕೊಂಡು ಬಂದ. ಕನ್ನಡ ಬಹಳ ಚೆನ್ನಾಗಿತ್ತು. ಕಳಿಂಗ ಯುದ್ಧದಲ್ಲಿ ಸತ್ತವರಿಗಾಗಿ ಚಕ್ರವರ್ತಿ ಮರುಗುವ ಮಾತು, ಎಂಥವರೂ ನಂಬುವಂತಿತ್ತು. ಅದನ್ನು ಗಟ್ಟಿಯಾಗಿ ಓದಿಸಿ, ಸರಿಯೋ ತಪ್ಪೋ ಎಂದು ನಾನೇನೂ ಹೇಳದೆ, ಕಲ್ಲಿನಲ್ಲಿ ತೋರಿಸಿ ಎಂದೆ. ಕಳಿಂಗ ಎಂದಿದ್ದರೆ ಕ ಆದ ಮೇಲೆ ಲಿ ಬರಬೇಕು. ಎಲ್ಲರೂ ತಮ್ಮ ನಕಲು ಹಾಳೆಗಳಲ್ಲೂ ತೆರೆಯ ಮೇಲಿನ ಮಾದರಿಯಲ್ಲೂ ಪ್ರತಿಯೊಂದು ಕೂಡಿಸುವ ಚಿಹ್ನೆಯನ್ನು ಹಿಡಿದು ಅದರ ಮುಂದಿನ ಅಕ್ಷರ ನೋಡುತ್ತ ಹೋದರು. ಎಲ್ಲೂ ಇರಲಿಲ್ಲ. ಯಂತ್ರದ ಅನುವಾದದಲ್ಲಿ ಸುವರ್ಣಗಿರಿಯೂ ಇರಲಿಲ್ಲ, ಇಸಿಲವೂ ಇರಲಿಲ್ಲ. ಅದು ಕೊಟ್ಟದ್ದು ಅಶೋಕನ ಬೇರೊಂದು ಶಾಸನದ, 13ನೇ ಬಂಡೆ ಶಾಸನದ ಸಾರ, ಅದು ಬ್ರಹ್ಮಗಿರಿಯಲ್ಲಿಲ್ಲ. "ಇದು ಕಲ್ಲು ನೋಡಿ ಬರ್ದಿಲ್ಲ, ಅಶೋಕ ಅಂದ ಕೂಡ್ಲೇ ಗೊತ್ತಿದ್ದದ್ದು ಬರ್ದೈತೆ" ಎಂದು ಆ ಹುಡುಗನೇ ಹೇಳಿದ. ತಂತ್ರಜ್ಞಾನವನ್ನು ತರಗತಿಗೆ ತರುವ ಬಗ್ಗೆ ನಡೆಯುವ ಎಷ್ಟೋ ತರಬೇತಿಗಳಲ್ಲಿ ಕೂತಿದ್ದೇನೆ. ಪಡೆದ ಉತ್ತರವನ್ನು ಆಧಾರದ ಮುಂದೆ ಹಿಡಿದು ನೋಡುವ ಈ ಕೆಲಸವನ್ನು ಅಲ್ಲಿ ಯಾರೂ ಕಲಿಸಿದ್ದು ನನಗೆ ನೆನಪಿಲ್ಲ.

ಅದಾದ ಮೇಲೆ ವಿದ್ವಾಂಸರು ಓದಿ ಅಚ್ಚು ಹಾಕಿಸಿದ ಶಾಸನಪಾಠವನ್ನು ತೋರಿಸಿದೆ. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಚಿತ್ರದುರ್ಗ ಜಿಲ್ಲೆಯ 11ನೇ ಸಂಪುಟ ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಅಚ್ಚಾದ ಶಾಸನಪಾಠಗಳಲ್ಲಿ ಸರಿಯಾಗಿ ಕಾಣದ ಅಕ್ಷರಗಳನ್ನು ಕಂಸದಲ್ಲಿ ಹಾಕುವ ಕ್ರಮವಿದೆ. ಕಾಣದ್ದನ್ನು ಕಾಣದು ಎಂದು ಗುರುತು ಮಾಡಿ ಒಪ್ಪಿಕೊಳ್ಳುವ ಆ ಕಂಸ ಮಕ್ಕಳಿಗೆ ಎಷ್ಟು ಹಿಡಿಸಿತೆಂದರೆ, ತಮ್ಮ ನಕಲುಗಳಿಗೂ ಹಾಕಿಕೊಂಡರು. ಆಮೇಲೆ ವಿಜ್ಞಾನದ ಪ್ರಯೋಗದ ವರದಿಯಲ್ಲೂ ಒಬ್ಬಳು ಅನುಮಾನವಿದ್ದ ಅಳತೆಯನ್ನು ಕಂಸದಲ್ಲಿ ಬರೆದಿದ್ದಳು ಎಂದು ನಮ್ಮ ವಿಜ್ಞಾನದ ಮೇಡಂ ತೋರಿಸಿದರು.

ಇದಕ್ಕೆಲ್ಲ ಸಮಯ ಎಲ್ಲಿಂದ ಎಂದು ಬೇರೆ ಶಾಲೆಯ ಶಿಕ್ಷಕರು ಕೇಳುತ್ತಾರೆ, ನ್ಯಾಯವಾದ ಪ್ರಶ್ನೆ. ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಯನ್ನೇ ಇದಾಗಿ ಮಾಡಿದೆ. ಲಿಪಿಯ ಭಾಗವನ್ನು ಕನ್ನಡದ ಮೇಷ್ಟ್ರು ತಮ್ಮ ಪೀರಿಯಡ್‌ನಲ್ಲಿ ಹಂಚಿಕೊಂಡರು. ಯುದ್ಧದ ಅನಿಮೇಷನ್ ವಿಡಿಯೋಗಳನ್ನು ಪೂರ್ತಿ ಬಿಟ್ಟೆ. ಅವನ್ನು ಹಾಕಿದಾಗ ಮಕ್ಕಳು ಸುಮ್ಮನೆ ಕೂತು ನೋಡುತ್ತಾರೆ, ಮುಗಿದ ಮೇಲೆ ಒಂದು ಪ್ರಶ್ನೆಯೂ ಬರುವುದಿಲ್ಲ. ಆನೆ, ಕುದುರೆ, ಕತ್ತಿ ಎಲ್ಲ ಯಾರೋ ಕಲ್ಪಿಸಿ ಮುಗಿಸಿದ್ದಾಗಿರುತ್ತದೆ, ಮಕ್ಕಳು ಮಾಡಲು ಅಲ್ಲಿ ಏನೂ ಉಳಿದಿರುವುದಿಲ್ಲ.

ಬ್ರಾಹ್ಮಿ ಶಾಸನ ಎಲ್ಲ ಊರಲ್ಲೂ ಇರುವುದಿಲ್ಲ. ಆದರೆ ಹಳಗನ್ನಡದ ಶಾಸನ, ವೀರಗಲ್ಲು, ಮಾಸ್ತಿಗಲ್ಲು ಇಲ್ಲದ ಹೋಬಳಿ ನಮ್ಮ ರಾಜ್ಯದಲ್ಲಿ ವಿರಳ. ನಿಮ್ಮ ಜಿಲ್ಲೆಯ ಶಾಸನ ಸಂಪುಟವನ್ನು ಇಳಿಸಿಕೊಂಡು ಶಾಲೆಗೆ ಹತ್ತಿರದ ಕಲ್ಲು ಯಾವುದೆಂದು ನೋಡಿ, ಅದರ ಮೊದಲ ಸಾಲಿನ ಅಕ್ಷರಗಳನ್ನು ಮಾತ್ರ ಮಕ್ಕಳಿಗೆ ಕಲಿಸಿ, ಒಂದು ಟಾರ್ಚ್ ಹಿಡಿದು ಹೊರಡಿ. ನಮ್ಮ ಈ ವರ್ಷದ ತಂಡ ತಮ್ಮ ತಮ್ಮ ಹಳ್ಳಿಗಳ ವೀರಗಲ್ಲುಗಳ ಪಟ್ಟಿ ಮಾಡುತ್ತಿದೆ. ಊರ ಹಿರಿಯರನ್ನು ಕೇಳಿ, ಎಲ್ಲಿ ಎಷ್ಟು ಕಲ್ಲು, ಯಾವುದರಲ್ಲಿ ಬರಹವಿದೆ, ಯಾವುದು ಚರಂಡಿಯ ಹಾಸುಗಲ್ಲಾಗಿದೆ ಎಂದು ಬರೆದುಕೊಳ್ಳುತ್ತಿದ್ದಾರೆ. ಕೆಲವು ಹಳ್ಳಿಗಳಲ್ಲಿ ಪುಸ್ತಕದ ಪಟ್ಟಿಯಲ್ಲಿಲ್ಲದ ಕಲ್ಲುಗಳೂ ಸಿಗುತ್ತಿವೆ. ಅವುಗಳ ಫೋಟೋ ಮತ್ತು ಜಾಗದ ವಿವರವನ್ನು ಪುರಾತತ್ವ ಇಲಾಖೆಗೆ ಕಳಿಸುವ ಪತ್ರವನ್ನು ಮಕ್ಕಳೇ ಬರೆಯುತ್ತಿದ್ದಾರೆ.